ರಾಯಚೂರು ಜಿಲ್ಲೆಯ ಶೈಕ್ಷಣಿಕ ಗ್ರಂಥಾಲಯಗಳು ಮತ್ತು ವಿದ್ಯುನ್ಮಾನ ಸಂಪನ್ಮೂಲಗಳ ಸಾಮೂಹಿಕ ಆಯ್ಕೆ: ಒಂದು ಚಾರಿತ್ರಿಕ ಅವಲೋಕನ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಪ್ರದೇಶವನ್ನು ಇತಿಹಾಸಕಾರರು ಹೆಚ್ಚಾಗಿ ಗಮನಿಸಿರುವುದು ಶಾಸನ, ಕೋಟೆ ಮತ್ತು ಕದನಗಳ ದೃಷ್ಟಿಯಿಂದ. ಮಸ್ಕಿಯ ಅಶೋಕ ಶಾಸನ, ರಾಯಚೂರಿನ ಕೋಟೆ, 1520ರ ಕದನ ಇವುಗಳ ಮೇಲೆ ಸಾಕಷ್ಟು ಅಧ್ಯಯನಗಳು ನಡೆದಿವೆ. ಇದೇ ನೆಲದಲ್ಲಿ ಉನ್ನತ ಶಿಕ್ಷಣದ ಸಂಸ್ಥೆಗಳು ಬೆಳೆದ ಬಗೆ, ಅವುಗಳ ಗ್ರಂಥಾಲಯಗಳು ಓದುವ ಸಾಮಗ್ರಿಯನ್ನು ಪಡೆದುಕೊಂಡ ಬಗೆ ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. 2003ರಿಂದೀಚೆಗೆ ಕರ್ನಾಟಕದ ಶೈಕ್ಷಣಿಕ ಗ್ರಂಥಾಲಯಗಳು ಒಂಟಿಯಾಗಿ ಚಂದಾ ಕಟ್ಟುವ ಪದ್ಧತಿಯಿಂದ ಸಾಮೂಹಿಕವಾಗಿ ವಿದ್ಯುನ್ಮಾನ ನಿಯತಕಾಲಿಕಗಳನ್ನು ಪಡೆಯುವ ಪದ್ಧತಿಗೆ ಹೊರಳಿದವು. ಈ ಹೊರಳುವಿಕೆ ರಾಯಚೂರು ಜಿಲ್ಲೆಯಲ್ಲಿ ಯಾವ ರೂಪ ತಳೆಯಿತು, ಅದರಿಂದ ದೊರೆತದ್ದೇನು, ಕೈತಪ್ಪಿದ್ದೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈ ಪರಿಶೀಲನೆಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಗ್ರಂಥಾಲಯ ಸಹಕಾರವು ರಾಯಚೂರಿಗೆ ಬಂದದ್ದು ನೆರೆಹೊರೆಯ ಗ್ರಂಥಾಲಯಗಳು ಪರಸ್ಪರ ಕೈಜೋಡಿಸಿದ್ದರಿಂದಲ್ಲ. ಪ್ರತಿಯೊಂದು ಸಂಸ್ಥೆಯೂ ತನ್ನ ಮಾತೃ ವಿಶ್ವವಿದ್ಯಾಲಯ ಅಥವಾ ಮಂತ್ರಾಲಯದ ಮೂಲಕ ದೂರದ ಒಕ್ಕೂಟವೊಂದರ ಸದಸ್ಯತ್ವ ಪಡೆದದ್ದರಿಂದ. ಇದರ ಪರಿಣಾಮವಾಗಿ ಓದುವ ಅವಕಾಶ ಹಿಂದೆಂದೂ ಇಲ್ಲದಷ್ಟು ವಿಸ್ತಾರವಾಯಿತು. ಆದರೆ ಯಾವುದನ್ನು ಓದಬೇಕೆಂದು ಆರಿಸುವ ಹೊಣೆ ಊರಿನಿಂದ ಹೊರಗೆ ಹೋಯಿತು.

ಹಿನ್ನೆಲೆ

1948ರವರೆಗೆ ರಾಯಚೂರು ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ಉನ್ನತ ಶಿಕ್ಷಣದ ಕೇಂದ್ರವು 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವಾಗಿದ್ದು, ಅಲ್ಲಿನ ಬೋಧನಾ ಮಾಧ್ಯಮ ಉರ್ದುವಾಗಿತ್ತು. ಪಂಡಿತ ತಾರಾನಾಥರು 1920ರಲ್ಲಿ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಆರಂಭಿಸಿದ್ದು ಈ ಭಾಗದ ಖಾಸಗಿ ಶೈಕ್ಷಣಿಕ ಪ್ರಯತ್ನಗಳಲ್ಲಿ ಮಹತ್ವದ ಹೆಜ್ಜೆ. ಅವರ ಹೆಸರನ್ನೇ ಹೊತ್ತ ತಾರಾನಾಥ ಶಿಕ್ಷಣ ಸಂಸ್ಥೆಯು ಮುಂದೆ ನಗರದಲ್ಲಿ ಕಾಲೇಜು ಶಿಕ್ಷಣವನ್ನೂ ಬೆಳೆಸಿತು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿ, ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೂ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ವ್ಯಾಪ್ತಿಗೂ ಬಂದವು.

ಹೀಗೆ ಮೂರು ತಲೆಮಾರುಗಳ ಅವಧಿಯಲ್ಲಿ ರಾಯಚೂರಿನ ವಿದ್ಯಾರ್ಥಿಯ ವಿಶ್ವವಿದ್ಯಾಲಯ ಹೈದರಾಬಾದಿನಿಂದ ಧಾರವಾಡಕ್ಕೆ, ಧಾರವಾಡದಿಂದ ಗುಲಬರ್ಗಾಕ್ಕೆ ಬದಲಾಯಿತು. ಪ್ರತಿ ಬಾರಿಯೂ ಬದಲಾದದ್ದು ಪರೀಕ್ಷೆ ಮತ್ತು ಪದವಿಯ ಅಧಿಕಾರವೇ ಹೊರತು ಪುಸ್ತಕ ಭಂಡಾರವಲ್ಲ. ಸಂಶೋಧನ ನಿಯತಕಾಲಿಕಗಳ ಹಳೆಯ ಸಂಪುಟಗಳು ವಿಶ್ವವಿದ್ಯಾಲಯದ ಕೇಂದ್ರಸ್ಥಾನದಲ್ಲೇ ಉಳಿಯುತ್ತಿದ್ದವು. ಜಿಲ್ಲೆಯ ಕಾಲೇಜು ಗ್ರಂಥಾಲಯಗಳು ಸಹಜವಾಗಿಯೇ ಪಠ್ಯಪುಸ್ತಕಗಳ ಎರವಲು ಕೇಂದ್ರಗಳಾಗಿ ಬೆಳೆದವು. ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ಡಾ. ಡಿ.ಎಂ. ನಂಜುಂಡಪ್ಪನವರ ನೇತೃತ್ವದ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯು ದೇವದುರ್ಗ ಮತ್ತು ಮಾನ್ವಿ ತಾಲೂಕುಗಳನ್ನು ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿನಲ್ಲಿ ಇರಿಸಿತು. ವಿದ್ಯುನ್ಮಾನ ಸಂಪನ್ಮೂಲಗಳ ಯುಗವು ಈ ಜಿಲ್ಲೆಯನ್ನು ತಲುಪಿದ್ದು ಇಂತಹ ಸ್ಥಿತಿಯಲ್ಲಿ ಎಂಬುದನ್ನು ಗಮನದಲ್ಲಿಡಬೇಕು.

ಒಕ್ಕೂಟ ಕಲ್ಪನೆಯ ಉಗಮ

ಮುದ್ರಿತ ನಿಯತಕಾಲಿಕಗಳ ಕಾಲದಲ್ಲಿ ವಿದೇಶಿ ಚಂದಾ ಎಂಬುದು ಭಾರತದ ಎಲ್ಲ ವಿಶ್ವವಿದ್ಯಾಲಯಗಳಿಗೂ ಭಾರವಾಗಿತ್ತು. ಪ್ರಕಾಶಕರು ವರ್ಷವರ್ಷವೂ ಬೆಲೆ ಏರಿಸುತ್ತಿದ್ದರು. 1991ರ ಜುಲೈ ತಿಂಗಳಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಅದೇ ಪತ್ರಿಕೆಗೆ ಹೆಚ್ಚು ರೂಪಾಯಿಗಳನ್ನು ತೆರಬೇಕಾಯಿತು. ಗ್ರಂಥಾಲಯ ಸಮಿತಿಗಳ ಮುಂದಿದ್ದ ದಾರಿ ಒಂದೇ: ಚಂದಾ ಪಟ್ಟಿಯಲ್ಲಿನ ಹೆಸರುಗಳನ್ನು ಒಂದೊಂದಾಗಿ ಹೊಡೆದುಹಾಕುವುದು.

ಇದೇ 1991ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಗ್ರಂಥಾಲಯಗಳನ್ನು ಜಾಲದ ಮೂಲಕ ಬೆಸೆಯಲು ಇನ್‌ಫ್ಲಿಬ್‌ನೆಟ್ ಯೋಜನೆಯನ್ನು ಆರಂಭಿಸಿತು. 1996ರಲ್ಲಿ ಅದು ಸ್ವತಂತ್ರ ಅಂತರ-ವಿಶ್ವವಿದ್ಯಾಲಯ ಕೇಂದ್ರವಾಯಿತು. ಇದಕ್ಕೂ ಮೊದಲೇ, 1981ರಲ್ಲಿ, ಖಗೋಳ ವಿಜ್ಞಾನ ಸಂಸ್ಥೆಗಳ ಗ್ರಂಥಪಾಲಕರು ಫೋರ್ಸಾ ಎಂಬ ವೇದಿಕೆಯನ್ನು ಕಟ್ಟಿಕೊಂಡಿದ್ದರು. ಬೆಂಗಳೂರಿನ ಗ್ರಂಥಾಲಯಗಳು ಅದರಲ್ಲಿ ಪ್ರಮುಖ ಪಾತ್ರ ವಹಿಸಿದ್ದವು. ಒಂದೇ ವಿಷಯವನ್ನು ಓದುವ ಸಮಾನರು ತಾವೇ ಸೇರಿ ಆರಿಸಿ ಹಂಚಿಕೊಂಡ ಮಾದರಿ ಅದು. ಮುಂದೆ ದೊಡ್ಡ ಪ್ರಮಾಣದಲ್ಲಿ ಬಂದ ಒಕ್ಕೂಟಗಳು ಈ ಮಾದರಿಯಿಂದ ಭಿನ್ನವಾದವು. ಹೊರದೇಶಗಳಲ್ಲಿಯೂ ಒಕ್ಕೂಟಗಳು ಬೆಳೆದು, ಅವುಗಳ ಅಂತರರಾಷ್ಟ್ರೀಯ ಕೂಟವಾದ ಐಕಾಲ್ಕ್ 1998ರಲ್ಲಿ ವಿದ್ಯುನ್ಮಾನ ಮಾಹಿತಿಯ ಆಯ್ಕೆ ಮತ್ತು ಖರೀದಿಯ ಬಗ್ಗೆ ತನ್ನ ನಿಲುವುಗಳನ್ನು ಪ್ರಕಟಿಸಿತು. ಬೆಲೆ, ಬಳಕೆಯ ಹಕ್ಕು, ಶಾಶ್ವತ ಸಂರಕ್ಷಣೆ ಇವು ಆಗಲೇ ಮುಖ್ಯ ಪ್ರಶ್ನೆಗಳಾಗಿದ್ದವು.

ರಾಯಚೂರಿಗೆ ಬಂದ ನಾಲ್ಕು ದಾರಿಗಳು

ರಾಯಚೂರು ಜಿಲ್ಲೆಯ ಸಂಸ್ಥೆಗಳಿಗೆ ಒಕ್ಕೂಟಗಳ ಸೌಲಭ್ಯ ನಾಲ್ಕು ದಾರಿಗಳಿಂದ ಬಂದಿತು. ಮೊದಲನೆಯದು ವೈದ್ಯಕೀಯ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲಿ ತನ್ನ ಸಂಯೋಜಿತ ಕಾಲೇಜುಗಳಿಗಾಗಿ ಹೆಲಿನೆಟ್ ಒಕ್ಕೂಟವನ್ನು ಆರಂಭಿಸಿತು. ಭಾರತದ ಆರೋಗ್ಯ ವಿಜ್ಞಾನ ಕ್ಷೇತ್ರದ ಮೊದಲ ಒಕ್ಕೂಟಗಳಲ್ಲಿ ಅದೂ ಒಂದು. ಸದಸ್ಯ ಕಾಲೇಜುಗಳ ವಂತಿಗೆಯಿಂದ ನಿಯತಕಾಲಿಕಗಳನ್ನು ಒಟ್ಟಾಗಿ ಕೊಳ್ಳುವುದು ಅದರ ಕ್ರಮ. ರಾಯಚೂರಿನ ನವೋದಯ ವೈದ್ಯಕೀಯ ಕಾಲೇಜು ಮತ್ತು 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ರಿಮ್ಸ್) ಈ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ.

ಎರಡನೆಯದು ತಾಂತ್ರಿಕ ಶಿಕ್ಷಣದ ದಾರಿ. 2003ರಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ ಮಂತ್ರಾಲಯವು ದೆಹಲಿಯ ಐಐಟಿಯನ್ನು ಕೇಂದ್ರವಾಗಿಟ್ಟುಕೊಂಡು ಇಂಡೆಸ್ಟ್ ಒಕ್ಕೂಟವನ್ನು ರೂಪಿಸಿತು. ಅದರಲ್ಲಿ ಸ್ವಂತ ವೆಚ್ಚದಲ್ಲಿ ಸೇರುವ ಎಂಜಿನಿಯರಿಂಗ್ ಕಾಲೇಜುಗಳಿಗೂ ಅವಕಾಶವಿತ್ತು. ತರುವಾಯ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ ಸಂಯೋಜಿತ ಕಾಲೇಜುಗಳಿಗಾಗಿ ಪ್ರತ್ಯೇಕ ಒಕ್ಕೂಟವನ್ನು ನಡೆಸಿತು.

ಮೂರನೆಯದು ಕೃಷಿ. ಇದು ರಾಯಚೂರಿನ ಮಟ್ಟಿಗೆ ಅತ್ಯಂತ ಗಮನಾರ್ಹವಾದುದು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ರಾಷ್ಟ್ರೀಯ ಕೃಷಿ ನಾವೀನ್ಯ ಯೋಜನೆಯಡಿ 2007ರ ನವೆಂಬರ್‌ನಲ್ಲಿ ಸೆರಾ ಎಂಬ ಕೃಷಿ ವಿದ್ಯುನ್ಮಾನ ಸಂಪನ್ಮೂಲಗಳ ಒಕ್ಕೂಟ ರೂಪುಗೊಂಡಿತು. ಪರಿಷತ್ತಿನ ಸಂಸ್ಥೆಗಳು ಹಾಗೂ ರಾಜ್ಯ ಕೃಷಿ ವಿಶ್ವವಿದ್ಯಾಲಯಗಳು ಅದರ ಸದಸ್ಯರು. 2008ರಲ್ಲಿ ಅದರ ಸೇವೆ ಆರಂಭವಾಯಿತು. ಅದೇ 2008ರ ನವೆಂಬರ್‌ನಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು.

ಈ ಕಾಲಸಾಮ್ಯ ಆಕಸ್ಮಿಕವಾದರೂ ಅದರ ಫಲ ದೊಡ್ಡದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ, ಧಾರವಾಡದ್ದು 1986ರಲ್ಲಿ ಆರಂಭವಾದಾಗ ಸಂಶೋಧನ ಗ್ರಂಥಾಲಯ ಎಂದರೆ ಹಳೆಯ ಸಂಪುಟಗಳನ್ನು ವರ್ಷಗಟ್ಟಲೆ ಕೂಡಿಹಾಕುವ ಕೆಲಸವಾಗಿತ್ತು. ವಿಶ್ವವಿದ್ಯಾಲಯವೊಂದು ಒಡೆದು ಎರಡಾದಾಗ ಕಪಾಟಿನಲ್ಲಿರುವ ಒಂದೇ ಪ್ರತಿಯನ್ನು ಇಬ್ಭಾಗ ಮಾಡಲಾಗದು. ಅದು ಹಿರಿಯ ಸಂಸ್ಥೆಯಲ್ಲೇ ಉಳಿಯುತ್ತದೆ. 2008ರ ಹೊತ್ತಿಗೆ ಈ ನಿಯಮ ಸಡಿಲವಾಗಿತ್ತು. ರಾಯಚೂರಿನಲ್ಲಿ ಹತ್ತಿ, ತೊಗರಿ ಅಥವಾ ಭತ್ತದ ಮೇಲೆ ಕೆಲಸ ಮಾಡುವ ಸಂಶೋಧಕನು ಲುಧಿಯಾನ ಅಥವಾ ಕೊಯಮತ್ತೂರಿನ ಸಂಶೋಧಕನು ಓದುವ ಪತ್ರಿಕೆಗಳನ್ನೇ ಓದುವುದು ಒಕ್ಕೂಟದಿಂದ ಸಾಧ್ಯವಾಯಿತು. ಒಂದು ಗ್ರಂಥಾಲಯದಲ್ಲಿ ಇಲ್ಲದ ಲೇಖನವನ್ನು ಇನ್ನೊಂದು ಸದಸ್ಯ ಗ್ರಂಥಾಲಯದಿಂದ ಕೋರಿ ಪಡೆಯುವ ದಾಖಲೆ ವಿತರಣಾ ವ್ಯವಸ್ಥೆಯನ್ನೂ ಸೆರಾ ಕಲ್ಪಿಸಿತು. ಮುದ್ರಿತ ಸಂಗ್ರಹವಿದ್ದ ಹಿರಿಯ ಗ್ರಂಥಾಲಯಗಳು ಅದಿಲ್ಲದ ಕಿರಿಯ ಗ್ರಂಥಾಲಯಗಳಿಗೆ ನೆರವಾಗುವ ಈ ಕ್ರಮವು ಹೊಸ ವಿಶ್ವವಿದ್ಯಾಲಯಗಳ ಪಾಲಿಗೆ ಹೆಚ್ಚು ಉಪಯುಕ್ತವಾದುದು.

ನಾಲ್ಕನೆಯದು ಸಾಮಾನ್ಯ ಶಿಕ್ಷಣ. ಯುಜಿಸಿ-ಇನ್ಫೋನೆಟ್ ವಿದ್ಯುನ್ಮಾನ ಗ್ರಂಥಾಲಯ ಒಕ್ಕೂಟವನ್ನು 2003ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಉದ್ಘಾಟಿಸಿದರು. ಆದರೆ ಅದು ವಿಶ್ವವಿದ್ಯಾಲಯಗಳಿಗೆ ಸೀಮಿತವಾಗಿತ್ತು. ಸಂಯೋಜಿತ ಕಾಲೇಜುಗಳಿಗೆ ಇಂತಹ ಸೌಲಭ್ಯ ಒದಗಿದ್ದು 2010ರಲ್ಲಿ, ಎನ್-ಲಿಸ್ಟ್ ಯೋಜನೆಯ ಮೂಲಕ. 2015ರ ಡಿಸೆಂಬರ್‌ನಲ್ಲಿ ಯುಜಿಸಿ-ಇನ್ಫೋನೆಟ್, ಎನ್-ಲಿಸ್ಟ್ ಮತ್ತು ಇಂಡೆಸ್ಟ್ ಒಕ್ಕೂಟಗಳನ್ನು ಸೇರಿಸಿ ಇ-ಶೋಧಸಿಂಧು ಎಂಬ ಹೆಸರು ಕೊಡಲಾಯಿತು.

ಈ ನಾಲ್ಕು ದಾರಿಗಳಲ್ಲಿ ಯಾವುದೂ ಜಿಲ್ಲೆಯನ್ನು ಒಂದು ಘಟಕವಾಗಿ ಪರಿಗಣಿಸಲಿಲ್ಲ. ಒಂದೇ ನಗರದಲ್ಲಿದ್ದರೂ ವೈದ್ಯಕೀಯ ಕಾಲೇಜಿನ ಗ್ರಂಥಾಲಯ ಬೆಂಗಳೂರಿನತ್ತ, ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯತ್ತ, ಕೃಷಿ ವಿಶ್ವವಿದ್ಯಾಲಯ ನವದೆಹಲಿಯತ್ತ, ಪದವಿ ಕಾಲೇಜು ಗುಜರಾತಿನಲ್ಲಿರುವ ಇನ್‌ಫ್ಲಿಬ್‌ನೆಟ್‌ನತ್ತ ನೋಡಬೇಕಾಯಿತು. ಪರವಾನಗಿಯ ಷರತ್ತುಗಳ ಪ್ರಕಾರ ಒಂದು ಒಕ್ಕೂಟದ ಸಾಮಗ್ರಿಯನ್ನು ಮತ್ತೊಂದರ ಸದಸ್ಯರು ಬಳಸುವಂತಿರಲಿಲ್ಲ. ಮಣ್ಣಿನಲ್ಲಿನ ಫ್ಲೋರೈಡ್, ಕೀಟನಾಶಕಗಳ ವಿಷಬಾಧೆ, ಕುಡಿಯುವ ನೀರಿನ ಗುಣಮಟ್ಟ ಇಂತಹ ವಿಷಯಗಳು ಕೃಷಿ, ವೈದ್ಯ ಮತ್ತು ರಸಾಯನಶಾಸ್ತ್ರ ಮೂರಕ್ಕೂ ಸೇರಿದವು. ಅವುಗಳನ್ನು ಅಧ್ಯಯನ ಮಾಡುವವರ ಗ್ರಂಥಾಲಯಗಳು ಮಾತ್ರ ಮೂರು ಬೇರೆ ಬೇರೆ ಒಕ್ಕೂಟಗಳಿಗೆ ಸೇರಿದ್ದವು.

ಆಯ್ಕೆ ಮತ್ತು ನಿರ್ವಹಣೆಯ ಕ್ರಮ

ಒಕ್ಕೂಟಗಳಲ್ಲಿ ಆಯ್ಕೆ ನಡೆಯುವ ಕ್ರಮವನ್ನು ಸ್ಥೂಲವಾಗಿ ಹೀಗೆ ವಿವರಿಸಬಹುದು. ವಿಷಯತಜ್ಞರು ಮತ್ತು ಗ್ರಂಥಪಾಲಕರ ಸಮಿತಿಯೊಂದು ಅಗತ್ಯಗಳ ಪಟ್ಟಿ ಸಿದ್ಧಪಡಿಸುತ್ತದೆ. ಬೆಲೆ ಸಂಧಾನಕ್ಕಾಗಿ ಇರುವ ಸಮಿತಿಯು ಪ್ರಕಾಶಕರೊಡನೆ ಮಾತುಕತೆ ನಡೆಸುತ್ತದೆ. ಪರವಾನಗಿ ಪತ್ರಕ್ಕೆ ಒಕ್ಕೂಟದ ಕೇಂದ್ರ ಕಚೇರಿ ಸಹಿ ಹಾಕುತ್ತದೆ. ಪ್ರಕಾಶಕರು ಬಿಡಿ ಪತ್ರಿಕೆಗಳಿಗಿಂತ ತಮ್ಮ ಎಲ್ಲ ಪತ್ರಿಕೆಗಳ ಕಟ್ಟನ್ನೇ ಮಾರಲು ಇಚ್ಛಿಸುತ್ತಾರೆ. ಕಟ್ಟಿನೊಳಗೆ ಬೇಕಾದವುಗಳೊಡನೆ ಬೇಡವಾದವೂ ಬರುತ್ತವೆ. ಹೀಗಾಗಿ ಮುದ್ರಣಯುಗದ ಗ್ರಂಥಾಲಯ ಸಮಿತಿಯು ಕೇಳುತ್ತಿದ್ದ ‘ಈ ಪತ್ರಿಕೆ ನಮಗೆ ಬೇಕೇ?’ ಎಂಬ ಪ್ರಶ್ನೆಯ ಜಾಗದಲ್ಲಿ ‘ಈ ಕಟ್ಟು ಈ ಬೆಲೆಗೆ ಲಾಭದಾಯಕವೇ?’ ಎಂಬ ಪ್ರಶ್ನೆ ಬಂದಿತು.

ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವ ಮುಖ್ಯ ಸಾಧನ ಬಳಕೆಯ ಅಂಕಿಅಂಶ. ಪ್ರಕಾಶಕರು ಬಳಕೆಯನ್ನು ಏಕರೂಪವಾಗಿ ಎಣಿಸಿ ವರದಿ ಮಾಡಲೆಂದು ಕೌಂಟರ್ ಎಂಬ ಸಂಸ್ಥೆಯು 2003ರಲ್ಲಿ ಮೊದಲ ಸಂಹಿತೆಯನ್ನು ಪ್ರಕಟಿಸಿತು. ತೆತ್ತ ಹಣವನ್ನು ಇಳಿಸಿಕೊಂಡ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಬಳಕೆಗೆ ತಗಲಿದ ವೆಚ್ಚ ದೊರೆಯುತ್ತದೆ. ಈ ಲೆಕ್ಕ ಉಪಯುಕ್ತ. ಆದರೆ ಅದು ದೊಡ್ಡ ಸಂಸ್ಥೆಗಳ ಪರವಾಗಿ ವಾಲುತ್ತದೆ. ಸಾವಿರಾರು ಸಂಶೋಧಕರಿರುವ ಸಂಸ್ಥೆಯ ಬೇಡಿಕೆ ಸಂಖ್ಯೆಯಲ್ಲಿ ಎದ್ದು ಕಾಣುತ್ತದೆ. ಒಣಬೇಸಾಯದ ಒಂದು ಬೆಳೆಯ ಮೇಲೆ ಕೆಲಸ ಮಾಡುವ ನಾಲ್ಕಾರು ಜನರ ಬೇಡಿಕೆ ಆ ಮೊತ್ತದಲ್ಲಿ ಕಾಣಿಸುವುದೇ ಇಲ್ಲ. ಸ್ಥಳೀಯ ಗ್ರಂಥಪಾಲಕನು ಅದನ್ನು ಬರಹರೂಪದಲ್ಲಿ ಮೇಲಕ್ಕೆ ತಿಳಿಸದಿದ್ದರೆ ಬೇರೆ ಯಾರೂ ತಿಳಿಸುವವರಿಲ್ಲ.

ನಿರ್ವಹಣೆಯ ಇನ್ನೊಂದು ಮುಖ ಶಾಶ್ವತತೆಯದು. ಮುದ್ರಿತ ಪತ್ರಿಕೆಯ ಚಂದಾ ನಿಂತರೂ ಹಿಂದಿನ ಸಂಪುಟಗಳು ಕಪಾಟಿನಲ್ಲಿ ಉಳಿಯುತ್ತವೆ. ವಿದ್ಯುನ್ಮಾನ ಚಂದಾ ನಿಂತರೆ ಪರವಾನಗಿಯಲ್ಲಿ ಬರೆದಿರುವಷ್ಟೇ ಉಳಿಯುತ್ತದೆ. ಬರೆದಿಲ್ಲವಾದರೆ ಏನೂ ಉಳಿಯದು. ಪೋರ್ಟಿಕೊದಂತಹ ಸಂರಕ್ಷಣಾ ವ್ಯವಸ್ಥೆಗಳು ಹುಟ್ಟಿಕೊಂಡದ್ದು ಈ ಭಯದಿಂದಲೇ. ಹಳೆಯ ಸಂಪುಟಗಳಿರುವ ಗ್ರಂಥಾಲಯಕ್ಕೆ ಇದು ಅನನುಕೂಲ ಮಾತ್ರ. ಒಕ್ಕೂಟದ ಆಸರೆಯಲ್ಲೇ ಬೆಳೆದ ಗ್ರಂಥಾಲಯಕ್ಕೆ ಅದು ಸಂಗ್ರಹವೇ ಇಲ್ಲವಾಗುವ ಪ್ರಸಂಗ. ರಾಯಚೂರಿನಂತಹ ಹೊಸ ಕೇಂದ್ರಗಳಿಗೆ ವರವಾದ ವ್ಯವಸ್ಥೆಯೇ ಅವುಗಳನ್ನು ಹೆಚ್ಚು ಪರಾವಲಂಬಿಯಾಗಿಸಿತು ಎಂಬುದು ಇದರಿಂದ ತಿಳಿಯುತ್ತದೆ.

ತಾಲೂಕು ಕೇಂದ್ರಗಳ ಸ್ಥಿತಿ

ದೇವದುರ್ಗ ಮತ್ತು ಮಾನ್ವಿಗಳ ಪದವಿ ಕಾಲೇಜುಗಳಂತಹ ಸಣ್ಣ ಗ್ರಂಥಾಲಯಗಳ ದೃಷ್ಟಿಯಿಂದ ಎನ್-ಲಿಸ್ಟ್ ಯೋಜನೆಯ ರಚನೆ ವಿಶೇಷ ಗಮನಕ್ಕೆ ಅರ್ಹವಾಗಿದೆ. ವಿಶ್ವವಿದ್ಯಾಲಯಗಳಿಗೆ ಆವರಣದ ಐ.ಪಿ. ವಿಳಾಸದ ಆಧಾರದ ಮೇಲೆ ಪ್ರವೇಶ ನೀಡಲಾಗುತ್ತಿತ್ತು. ಆವರಣದ ಜಾಲವಿಲ್ಲದ ಕಾಲೇಜಿಗೆ ಈ ಕ್ರಮ ನಿರುಪಯುಕ್ತ. ಎನ್-ಲಿಸ್ಟ್‌ನಲ್ಲಿ ಕಾಲೇಜು ತನ್ನ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಪಟ್ಟಿಯನ್ನು ಕೊಟ್ಟರೆ ಪ್ರತಿಯೊಬ್ಬರಿಗೂ ಬಳಕೆದಾರ ಹೆಸರು ಮತ್ತು ಗುಪ್ತಪದ ದೊರೆಯುವಂತೆ ಮಾಡಲಾಯಿತು. ಅನುದಾನಿತ ಕಾಲೇಜುಗಳಿಗೆ ಮೊದಲು ಉಚಿತವಾಗಿದ್ದ ಸೌಲಭ್ಯಕ್ಕೆ ನಂತರ ವಾರ್ಷಿಕ 5,000 ರೂಪಾಯಿಗಳ ಶುಲ್ಕ ನಿಗದಿಯಾಯಿತು. ಇದಕ್ಕೆ ಪ್ರತಿಯಾಗಿ 6,000ಕ್ಕೂ ಹೆಚ್ಚು ನಿಯತಕಾಲಿಕಗಳು ಮತ್ತು ಲಕ್ಷಗಟ್ಟಲೆ ವಿದ್ಯುನ್ಮಾನ ಪುಸ್ತಕಗಳು ತೆರೆದುಕೊಂಡವು.

ಇಲ್ಲಿ ಗ್ರಂಥಪಾಲಕನ ಕೆಲಸದ ಸ್ವರೂಪವೇ ಬದಲಾಯಿತು. ಪಟ್ಟಿ ಕಳುಹಿಸುವುದು, ತೇರ್ಗಡೆಯಾಗಿ ಹೋದವರ ಹೆಸರು ತೆಗೆಯುವುದು, ಹೊಸಬರ ಹೆಸರು ಸೇರಿಸುವುದು, ಗುಪ್ತಪದ ಮರೆತವರಿಗೆ ನೆರವಾಗುವುದು, ಶುಲ್ಕದ ಕಡತವನ್ನು ಸಕಾಲದಲ್ಲಿ ಮುಂದಕ್ಕೆ ಕಳುಹಿಸುವುದು ಇವೇ ನಿರ್ವಹಣೆಯ ಕಾರ್ಯಗಳಾದವು. ಗ್ರಂಥಪಾಲಕನ ಹುದ್ದೆ ಖಾಲಿ ಇರುವ ಕಾಲೇಜಿನಲ್ಲಿ ಈ ಕಾರ್ಯಗಳು ನಿಂತುಹೋದರೆ ಚಂದಾ ಕಟ್ಟಿದ್ದರೂ ಓದುಗನಿಗೆ ಬಾಗಿಲು ತೆರೆಯುವುದಿಲ್ಲ. ಗ್ರಂಥಗಳು ಬಳಕೆಗಾಗಿ ಇವೆ ಎಂದು ಎಸ್.ಆರ್. ರಂಗನಾಥನ್ 1931ರಲ್ಲಿ ಸಾರಿದ ಸೂತ್ರಕ್ಕೆ ವಿದ್ಯುನ್ಮಾನ ಯುಗದಲ್ಲಿ ಅಡ್ಡಬರುವುದು ಬೀಗ ಹಾಕಿದ ಕಪಾಟಲ್ಲ, ನವೀಕರಣವಾಗದ ಬಳಕೆದಾರರ ಪಟ್ಟಿ.

ಕಟ್ಟಿನಿಂದ ಹೊರಗುಳಿದ ಸಾಮಗ್ರಿ

ಒಕ್ಕೂಟಗಳ ಚಂದಾಪಟ್ಟಿಯಲ್ಲಿ ಬಹುಪಾಲು ಇರುವುದು ಇಂಗ್ಲಿಷ್ ಭಾಷೆಯ ಅಂತರರಾಷ್ಟ್ರೀಯ ಪ್ರಕಾಶನಗಳು. ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ವನ್ನೋ, ದೇವದುರ್ಗ ತಾಲೂಕಿನ ಗಬ್ಬೂರಿನ ದೇವಾಲಯಗಳು ಮತ್ತು ಶಾಸನಗಳನ್ನೋ ಅಧ್ಯಯನ ಮಾಡುವ ವಿದ್ಯಾರ್ಥಿಗೆ ಬೇಕಾದ ಸಾಮಗ್ರಿ ಅಲ್ಲಿ ವಿರಳ. ಮೈಸೂರು ವಿಶ್ವವಿದ್ಯಾಲಯದ ‘ಪ್ರಬುದ್ಧ ಕರ್ನಾಟಕ’, ಕರ್ನಾಟಕ ವಿಶ್ವವಿದ್ಯಾಲಯದ ‘ಕರ್ನಾಟಕ ಭಾರತಿ’ ಮೊದಲಾದ ಪತ್ರಿಕೆಗಳ ಹಳೆಯ ಸಂಚಿಕೆಗಳಿಗೆ ಅವನು ಮುದ್ರಿತ ಪ್ರತಿಗಳನ್ನೇ ಅವಲಂಬಿಸಬೇಕಾಗುತ್ತದೆ. ಮಸ್ಕಿ ಶಾಸನವನ್ನು ಕುರಿತು ಎಚ್. ಕೃಷ್ಣಶಾಸ್ತ್ರಿಗಳು 1915ರಲ್ಲಿ ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದ ಪುಸ್ತಕದಂತಹ ಹಳೆಯ ಪ್ರಕಟಣೆಗಳು ಚಂದಾ ವ್ಯವಹಾರದ ಹೊರಗೇ ಇರುತ್ತವೆ. ಮಾರುವವರು ಇರುವ ವಸ್ತುವನ್ನು ಮಾತ್ರ ಒಕ್ಕೂಟ ಕೊಳ್ಳಬಲ್ಲದು.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿರುವುದು ಮುಕ್ತ ಭಂಡಾರಗಳು. ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾದಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಪಿಎಚ್.ಡಿ. ಪ್ರಬಂಧಗಳೂ, ಕೃಷಿ ಕ್ಷೇತ್ರದ ಕೃಷಿಕೋಶದಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪ್ರಬಂಧಗಳೂ ಸೇರಿವೆ. ಇದು ಕೇವಲ ಸೌಲಭ್ಯವಲ್ಲ. ಒಕ್ಕೂಟದಲ್ಲಿ ರಾಯಚೂರು ಪಡೆಯುವ ಸ್ಥಾನದಲ್ಲಿತ್ತು. ಭಂಡಾರದಲ್ಲಿ ಕೊಡುವ ಸ್ಥಾನಕ್ಕೆ ಬಂದಿತು. ಈ ಭಾಗದ ಮಣ್ಣು, ಬೆಳೆ, ಭಾಷೆಗಳನ್ನು ಕುರಿತ ಪ್ರಬಂಧಗಳನ್ನು ಯಾವ ಪ್ರಕಾಶಕನಿಂದಲೂ ಕೊಳ್ಳಬೇಕಾಗಿಲ್ಲ.

2025ರ ಬದಲಾವಣೆ

ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ 25ರಂದು ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಅನುಮೋದನೆ ನೀಡಿತು. 2025, 2026 ಮತ್ತು 2027ರ ಮೂರು ವರ್ಷಗಳಿಗೆ ಒಟ್ಟು 6,000 ಕೋಟಿ ರೂಪಾಯಿಗಳನ್ನು ನಿಗದಿಪಡಿಸಲಾಯಿತು. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು 6,300ಕ್ಕೂ ಹೆಚ್ಚು ಸರಕಾರಿ ಸಂಸ್ಥೆಗಳಿಗೆ ದೊರೆಯುವಂತೆ ರೂಪಿಸಿದ ಈ ಯೋಜನೆಯ ಸಮನ್ವಯ ಇನ್‌ಫ್ಲಿಬ್‌ನೆಟ್‌ನ ಹೊಣೆ. ಅದುವರೆಗೆ ವಿವಿಧ ಮಂತ್ರಾಲಯಗಳ ಅಧೀನದಲ್ಲಿದ್ದ ಹತ್ತು ಒಕ್ಕೂಟಗಳು ಪ್ರತ್ಯೇಕವಾಗಿ ನಡೆಸುತ್ತಿದ್ದ ಖರೀದಿಯನ್ನು ಒಂದೇ ಸೂರಿನಡಿ ತರುವುದು ಇದರ ಉದ್ದೇಶ.

ರಾಯಚೂರಿನ ಇತಿಹಾಸದ ದೃಷ್ಟಿಯಿಂದ ನೋಡಿದರೆ ಇದು ಹಳೆಯ ಗೋಡೆಗಳನ್ನು ಕೆಡವಿ ಬೇರೊಂದು ಗೋಡೆಯನ್ನು ಕಟ್ಟಿತು. ಕೃಷಿ ವಿಶ್ವವಿದ್ಯಾಲಯ, ರಿಮ್ಸ್, 2019ರಲ್ಲಿ ಸ್ಥಾಪನೆಯಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ, ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರ್ಪಟ್ಟ ರಾಯಚೂರಿನ ವಿಶ್ವವಿದ್ಯಾಲಯ, ತಾಲೂಕುಗಳ ಸರಕಾರಿ ಪದವಿ ಕಾಲೇಜುಗಳು ಇವೆಲ್ಲ ಸರಕಾರಿ ಸಂಸ್ಥೆಗಳಾಗಿ ಒಂದೇ ಪಟ್ಟಿಯ ವ್ಯಾಪ್ತಿಗೆ ಬರುವಂತಾಯಿತು. ವಿಷಯಾಧಾರಿತ ವಿಭಜನೆ ಹೀಗೆ ಸಡಿಲವಾಯಿತು. ಆದರೆ ಯೋಜನೆಯ ಮೊದಲ ಹಂತ ಸರಕಾರಿ ಸಂಸ್ಥೆಗಳಿಗೆ ಸೀಮಿತವಾದುದರಿಂದ ಖಾಸಗಿ ಕಾಲೇಜುಗಳು ಹೊರಗುಳಿದವು. ಉನ್ನತ ಶಿಕ್ಷಣವು ಬಹುಮಟ್ಟಿಗೆ ಖಾಸಗಿ ಸಂಸ್ಥೆಗಳ ಪ್ರಯತ್ನದಿಂದ ಬೆಳೆದ ಊರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಆಯ್ಕೆಯ ಕೇಂದ್ರವೂ ಮತ್ತಷ್ಟು ದೂರ ಸರಿಯಿತು. ಹತ್ತು ಒಕ್ಕೂಟಗಳಿದ್ದಾಗ ಕೃಷಿ ಗ್ರಂಥಪಾಲಕನು ಕೃಷಿಯವರ ಸಭೆಯಲ್ಲಾದರೂ ಮಾತನಾಡಬಹುದಿತ್ತು. ಆರು ಸಾವಿರ ಸಂಸ್ಥೆಗಳ ನಡುವೆ ಒಂದು ಜಿಲ್ಲೆಯ ಬೇಡಿಕೆ ಕೇಳಿಸಬೇಕಾದರೆ ಅದು ಹೆಚ್ಚು ಸಂಘಟಿತವಾಗಿರಬೇಕು.

ಉಪಸಂಹಾರ

ಮೇಲಿನ ವಿವರಗಳಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಒಕ್ಕೂಟಗಳು ರಾಯಚೂರು ಜಿಲ್ಲೆಯ ಶೈಕ್ಷಣಿಕ ಹಿನ್ನಡೆಯ ಒಂದು ಮುಖ್ಯ ಕಾರಣವನ್ನು, ಎಂದರೆ ಕೇಂದ್ರಸ್ಥಾನದ ಭಂಡಾರದಿಂದ ದೂರವಿರುವ ಸ್ಥಿತಿಯನ್ನು, ಬಹುಮಟ್ಟಿಗೆ ನಿವಾರಿಸಿದವು. ಎರಡನೆಯದಾಗಿ, ಈ ಲಾಭವು ಸ್ಥಳೀಯ ಆಯ್ಕೆಯ ಅಧಿಕಾರವನ್ನು ಬಿಟ್ಟುಕೊಟ್ಟು ಪಡೆದದ್ದು; ಚಂದಾ ನಿಂತಾಗ ಆಗುವ ನಷ್ಟವೂ ಹೊಸ ಸಂಸ್ಥೆಗಳಿಗೇ ಹೆಚ್ಚು. ಮೂರನೆಯದಾಗಿ, ಕನ್ನಡ ಹಾಗೂ ಸ್ಥಳೀಯ ಇತಿಹಾಸದ ಸಾಮಗ್ರಿಯನ್ನು ಯಾವ ರಾಷ್ಟ್ರೀಯ ಒಕ್ಕೂಟವೂ ತಾನಾಗಿ ಒದಗಿಸಿಕೊಡದು.

ಆದ್ದರಿಂದ ಮೇಲಿನಿಂದ ಬಂದ ಸಹಕಾರಕ್ಕೆ ನೆರೆಹೊರೆಯ ಸಹಕಾರವನ್ನು ಜೋಡಿಸುವುದು ಅಗತ್ಯ. ಇದಕ್ಕೆ ದೊಡ್ಡ ಮೊತ್ತ ಬೇಕಾಗಿಲ್ಲ. ಜಿಲ್ಲೆಯ ಕಾಲೇಜುಗಳಲ್ಲಿರುವ ಮುದ್ರಿತ ಕನ್ನಡ ನಿಯತಕಾಲಿಕಗಳ ಒಂದು ಸಂಯುಕ್ತ ಸೂಚಿ, ಕೊನೆಯ ಪ್ರತಿಯನ್ನು ವಿಲೇವಾರಿ ಮಾಡದಿರುವ ಒಪ್ಪಂದ, ಪ್ರತಿವರ್ಷ ಒಟ್ಟಾಗಿ ಸಿದ್ಧಪಡಿಸಿ ಕೇಂದ್ರಕ್ಕೆ ಕಳುಹಿಸುವ ಬೇಡಿಕೆ ಪಟ್ಟಿ ಇಷ್ಟರಿಂದ ಆರಂಭಿಸಬಹುದು. ದೇವದುರ್ಗದ ಕಾಲೇಜಿನಲ್ಲಿರುವ ಸಂಚಿಕೆ ಮಾನ್ವಿಯ ಓದುಗನಿಗೆ ತಿಳಿಯುವಂತಾದಾಗ ಮಾತ್ರ ಗ್ರಂಥಾಲಯ ಸಹಕಾರ ಎಂಬ ಮಾತು ಈ ಜಿಲ್ಲೆಯಲ್ಲಿ ಪೂರ್ಣ ಅರ್ಥ ಪಡೆಯುತ್ತದೆ.